ಕಡಲ ಬದಿಯ ನೆರಳು

"ಕೊಡೆ ಮಾಫಿ," ಎಂದ ಗೇಟಿನವನು, ಅರಬಿ ಬೆರೆಸಿ; ಅಂದರೆ ಒಳಗೆ ತರುವಂತಿಲ್ಲ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಆಟ ಕಾಣುವುದಿಲ್ಲವಂತೆ. ಯಜ್ಞೇಶ್ ವಾದಕ್ಕೆ ನಿಲ್ಲದೆ ಅದನ್ನು ಅವನ ಕೈಗೇ ಕೊಟ್ಟು, ಹಾಸಲು ತಂದಿದ್ದ ಬೈರಾಸು ಟವೆಲನ್ನು ಹೆಗಲಿಗೆ ಹಾಕಿಕೊಂಡು ನೆರಳು ಹುಡುಕುತ್ತ ಒಳಗೆ ನಡೆದ. ಹೆಂಡತಿ ಗ್ರೀಷ್ಮಾ ಹೊರಗೆ ಕಾರಿನಲ್ಲಿ ಎ.ಸಿ. ಹಾಕಿಕೊಂಡು ಕಾಯುತ್ತಿದ್ದಳು. ಅವನಿಗೆ ಬೇಕಿದ್ದದ್ದು ಸಂಜೆ ಆಟ ಮುಗಿಯುವವರೆಗೂ ಜಾಗ ಬಿಡದ ನೆರಳು.

ಗ್ರೀಷ್ಮಾಳಿಗೆ ಬಿಸಿಲು ಆಗದು. ಲೂಪಸ್ ಎಂದು ಡಾಕ್ಟರರು ಹೆಸರಿಟ್ಟ ಆ ಕಾಯಿಲೆಯಲ್ಲಿ, ಸ್ವಲ್ಪ ಬಿಸಿಲು ತಾಗಿದರೂ ಕೆನ್ನೆ ಕೆಂಪಾಗಿ, ಕೀಲುಗಳು ಬಾತು, ವಾರಗಟ್ಟಲೆ ಹಾಸಿಗೆ ಹಿಡಿಯಬೇಕು. ಕಳೆದ ಸಲ ಕಿಡ್ನಿಗೂ ಪೆಟ್ಟು ಬಿದ್ದಿತ್ತು. ಬಿಸಿಲು ಹಾಸಿ ಹೊದೆಯುವಷ್ಟಿರುವ ದೇಶದಲ್ಲಿ ಬರಬೇಕಾದ ಕಾಯಿಲೆಯೇ ಅದು! ಹಾಗಾಗಿ ಮಗಳು ಮೋಕ್ಷಾ ಬೇಸ್‌ಬಾಲ್ ಆಡುವುದನ್ನು ಅವಳು ಫೋನಿನಲ್ಲಷ್ಟೇ ನೋಡಿದ್ದಳು. "ಅಮ್ಮ, ಬರ್ತೀಯಾ?" ಎಂದು ಕೇಳುವುದನ್ನು ಹುಡುಗಿ ಬಿಟ್ಟೇಬಿಟ್ಟಿದ್ದಳು. ಗ್ರೀಷ್ಮಾಳಿಗೆ ಕಾಯಿಲೆಗಿಂತ ಹೆಚ್ಚು ನೋಯುತ್ತಿದ್ದದ್ದು ಅದು. ಈ ಫೈನಲಿಗೆ ಬಂದೇ ಬರುತ್ತೇನೆ ಎಂದು ತಾನಾಗಿಯೇ ಮಾತು ಕೊಟ್ಟಿದ್ದಳು.

ಗಲ್ಫ್ ದೇಶದ ಮೆಸಯೀದಿನ ಆ ಮೈದಾನಕ್ಕೆ ಎದುರುಬದುರಾಗಿ, ಕೂತು ನೋಡಲು ಎರಡು ಸಾಲು ಮೆಟ್ಟಿಲುಗಳು. ಎರಡಕ್ಕೂ ಹಿಂದೆ ಗೋಡೆ, ಮೇಲೆ ತಗಡಿನ ಮಾಡು. ನಡುಮಧ್ಯಾಹ್ನವಾದ್ದರಿಂದ ಎರಡೂ ಕಡೆ ನೆರಳಿತ್ತು. ಯಜ್ಞೇಶ್ ನಡುವೆ ನಿಂತು ನೋಡಿದ. ಒಂದು ಬದಿಯ ಗೋಡೆಯಾಚೆ ಕಡಲು ಹೊಳೆಯುತ್ತಿತ್ತು. ಕಡಲಿದ್ದ ಕಡೆ ಪಡು, ಸೂರ್ಯ ಇಳಿಯುವುದು ಅತ್ತ, ಅದಕ್ಕೆ ಬೆನ್ನು ಹಾಕಿ ಕೂತರೆ ಮುಖಕ್ಕೆ ನೆರಳು. ಇದಕ್ಕೆ ಯೋಚನೆ ಬೇರೆ ಬೇಕೇ? ಕರಾವಳಿಯ ಹೆಜಮಾಡಿಯ ಅವನ ಮನೆಯಲ್ಲಿ ಅನ್ನದ ಪಾತ್ರೆಯನ್ನು ಸರಿಸುವುದಕ್ಕೂ "ಒಂಚೂರು ಪಡುವಿಗೆ ಇಡು" ಎಂದೇ ಹೇಳುತ್ತಿದ್ದರು. ಕಡಲ ಬದಿಯಲ್ಲಿ ಬೈರಾಸು ಹಾಸಿ ಜಾಗ ಹಿಡಿದ.

"ಕಡಲ ಬದಿಗೆ ನೋಡು, ಆಯ್ತಾ? ಅಮ್ಮ ಅಲ್ಲೇ ಕೂತಿರ್ತಾಳೆ," ಎಂದು ಅಭ್ಯಾಸ ಮಾಡುತ್ತಿದ್ದ ಮಗಳಿಗೆ ಕೂಗಿ ಹೇಳಿದ.

"ಶೂರ್, ಪಪ್ಪಾ? ಮಧ್ಯದಲ್ಲಿ ಹೋಗಲ್ಲ ಅಲ್ವಾ?"

"ಶೂರ್ ಮಾರಾಯ್ತಿ."

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ, ಕಾರಿನಿಂದ ಬಂದು ಬೈರಾಸಿನ ಮೇಲೆ ಕೂತಿದ್ದ ಗ್ರೀಷ್ಮಾ ಕಾಲು ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಸ್ವಲ್ಪ ಹೊತ್ತಿಗೆ ಮೊಣಕಾಲ ಮೇಲೆ ದುಪಟ್ಟಾ ಹೊದ್ದಳು. "ಇದೆಂತ ಇವರೇ, ಬಿಸಿಲು ಎದುರಿಂದ ಬರ್ತಾ ಉಂಟಲ್ಲ?"

ಯಜ್ಞೇಶ್ ಒಮ್ಮೆ ಬೆನ್ನ ಹಿಂದಿನ ಕಡಲನ್ನೂ ಒಮ್ಮೆ ಎದುರಿನ ಸೂರ್ಯನನ್ನೂ ನೋಡಿದ. ಊರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಕಂಪನಿ ಬಸ್ಸಿನಲ್ಲಿ ಪರದೆ ಎಳೆದು ಮಲಗಿ, ಕಿಟಕಿಯಿಲ್ಲದ ಕಂಟ್ರೋಲ್ ರೂಮಿನಲ್ಲಿ ದುಡಿದು, ಇದೇ ಮೆಸಯೀದಿನಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ತಲೆಗೆ ಗೊತ್ತಿದ್ದದ್ದು ಮೈಗೆ ಗೊತ್ತಾಗಿರಲೇ ಇಲ್ಲ.

"ಕಡಲು ಇಲ್ಲಿ ಮೂಡಕ್ಕೆ, ಗ್ರೀಷ್ಮಾ," ಎಂದ ಮೆಲ್ಲಗೆ.

"ಹೆಜಮಾಡಿಯ ಕಡಲನ್ನು ಇಲ್ಲಿಗೂ ತಂದ್ರಾ?" ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಅವಳ ಕೆನ್ನೆ ಆಗಲೇ ಕೆಂಪೇರುತ್ತಿತ್ತು.

ಮೈದಾನ ಸುತ್ತಿ ಎದುರು ಬದಿಗೆ ಹೋದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಮೋಕ್ಷಾಳ ಜೊತೆ ಆಡುವ ಹುಡುಗಿಯ ತಾಯಿ, ಫಿಲಿಪೀನ್ಸಿನ ಲೊರ್ನಾ, ಇವರ ಮುಖ ನೋಡಿದ್ದೇ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು ಒತ್ತಿ ಕೂತಳು. ಕೊನೆಯ ಸಾಲಿನ ಗೋಡೆಯ ಬುಡದಲ್ಲಿ ಗ್ರೀಷ್ಮಾಳಿಗೆ ನೆರಳು ಸಿಕ್ಕಿತು. ಯಜ್ಞೇಶನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ಮೋಕ್ಷಾ ಬ್ಯಾಟು ಹಿಡಿದು ಬಂದಳು. ಬಂದವಳೇ ಕಡಲ ಬದಿಗೆ ನೋಡಿದಳು. ಅಲ್ಲಿ ಸುಡು ಬಿಸಿಲಿನಲ್ಲಿ ಬೈರಾಸೊಂದೇ ಬಿದ್ದಿತ್ತು. ಮೊದಲ ಬಾಲಿಗೆ ಅವಳು ಬ್ಯಾಟನ್ನೇ ಎತ್ತಲಿಲ್ಲ. ಎರಡನೆಯದಕ್ಕೆ ಬೀಸಿದಳು, ತಾಗಲಿಲ್ಲ. ಮೂರು ತಪ್ಪಿದರೆ ಔಟ್, ಉಳಿದದ್ದು ಒಂದೇ.

"ನಾನು ಹೋದೆ ಅಂತ ಗ್ರಹಿಸಿದ್ಲು," ಎಂದು ಗ್ರೀಷ್ಮಾ ಎದ್ದಳು.

"ನೀನು ಕೂತ್ಕೋ. ನಾನು ಕರೀತೇನೆ." ಯಜ್ಞೇಶ್ ಗಂಟಲು ಹರಿಯುವಂತೆ ಕೂಗಿದ. ಆ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಗ್ರೀಷ್ಮಾ ಮೆಟ್ಟಿಲಿಳಿದು, ನೆರಳು ದಾಟಿ, ಬಿಸಿಲಿಗೆ ಕಾದ ಬೇಲಿಯ ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಮಗಾ! ಇಲ್ಲಿ!"

ಮೋಕ್ಷಾ ತಟ್ಟನೆ ತಿರುಗಿದಳು. ಹೆಲ್ಮೆಟ್ಟಿನೊಳಗೆ ಅವಳ ಮುಖ ಅರಳಿದ್ದು ಓಡೋಡಿ ಬಂದ ಯಜ್ಞೇಶನಿಗೂ ಕಂಡಿತು. ಆದರೂ ಹೆಂಡತಿಯ ತೋಳು ಹಿಡಿದ.

"ಒಂದು ಬಾಲ್ ನೋಡ್ತೇನೆ. ಒಂದೇ," ಎಂದಳು ಗ್ರೀಷ್ಮಾ, ಅವನತ್ತ ತಿರುಗದೆ.

ಅವನು ತೋಳು ಬಿಟ್ಟ. ಸೂರ್ಯ ಎಲ್ಲಿದ್ದಾನೆಂದು ಈ ಸಲ ತಲೆಯೆತ್ತಿ ನೋಡಿದ. ಆಮೇಲೆ ಅದಕ್ಕೆ ಬೆನ್ನು ಕೊಟ್ಟು, ಅವಳ ಹಿಂದೆ ಹಿಮ್ಮಡಿ ಎತ್ತಿ ನಿಂತ. ಅವನ ನೆರಳು ಅವಳ ತಲೆ, ಕೆನ್ನೆ, ಭುಜಗಳ ಮೇಲೆ ಬಿತ್ತು.

ಮೈದಾನದ ನಡುವೆ ಹುಡುಗನೊಬ್ಬ ಬಾಲ್ ಎಸೆಯಲು ಕೈಯೆತ್ತಿದ. ಗ್ರೀಷ್ಮಾ ಸರಿಯಾಗಿ ಕಾಣಲೆಂದು ಎಡಕ್ಕೆ ಬಾಗಿದಳು. ಯಜ್ಞೇಶನೂ ಎಡಕ್ಕೆ ಸರಿದ.