ಜಗದೇವಿಯ ಕಾವಿನ ಇಟ್ಟಿಗೆ

ನಾನು ಒಂದು ಇಟ್ಟಿಗೆ. ಅದೂ ನೆಟ್ಟಗಿಲ್ಲದ ಇಟ್ಟಿಗೆ. ಮಾಂಜ್ರಾ ನದಿಯ ದಂಡೆಯ ಭಟ್ಟಿಯಲ್ಲಿ ಬೆಂಕಿಗೆ ತೀರ ಹತ್ತಿರ ಕೂತಿದ್ದರಿಂದ ಮೈ ಕರ್ರಗಾಗಿ, ಒಂದು ಮಗ್ಗುಲು ಸೊಟ್ಟಗಾಯಿತು. ನನ್ನ ಜೊತೆಯವರೆಲ್ಲ ಬೀದರ್ ಜಿಲ್ಲೆಯ ಉತ್ತರದ ತುದಿಯ ಒಂದು ಊರಿಗೆ ಬಂದು, ಟಂಟಂ ಆಟೋ ಓಡಿಸುವ ವೈಜಿನಾಥನ ಮನೆಯ ಗೋಡೆಯಾದರು. ಗೋಡೆ ಕಟ್ಟುವ ಗೌಂಡಿ ನನ್ನನ್ನು ತಿರುಗಿಸಿ ನೋಡಿ ಅಂಗಳಕ್ಕೆ ಎಸೆದ. ವೈಜಿನಾಥನ ತಾಯಿ ಪ್ರಯಾಗಬಾಯಿ ನನ್ನನ್ನು ಎತ್ತಿಕೊಂಡು ಬೆರಳ ಗೆಣ್ಣಿನಿಂದ ಬಡಿದಳು. ಠಣ್ ಎಂದೆ.

"ಇದು ಒಡ್ಯಲ್ಲ. ಬಾಣಂತಿಗಿ ಕಾವು ಕೊಡ್ಲಾಕ ಇರ್ಲಿ," ಅಂದಳು.

ಬಾಣಂತಿ ಬರಲೇ ಇಲ್ಲ. ಬಂದವಳು ಸೊಸೆ ಜಗದೇವಿ, ಹತ್ತೊಂಬತ್ತರ ಹುಡುಗಿ. ಬಂದ ತಿಂಗಳೇ ನನಗೆ ಕೆಲಸ ಬಿತ್ತು. ರೊಟ್ಟಿ ಬಡಿದಾದ ಮೇಲೆ ಕೆಂಡ ಕೆದರಿ ನನ್ನನ್ನು ಹೂಳುವುದು, ಕಾದ ಮೇಲೆ ಇಕ್ಕಳದಿಂದ ಎತ್ತಿ ಹಳೆ ಸೀರೆಯ ಮೂರು ಪದರ ಸುತ್ತುವುದು, ಮೊದಲು ತನ್ನ ಕೆನ್ನೆಗೆ ಹಿಡಿದು ನೋಡಿ ಆಮೇಲೆ ಸೊಸೆಯ ಕಿಬ್ಬೊಟ್ಟೆಗೆ ಇಡುವುದು, ಇದು ಪ್ರಯಾಗಬಾಯಿಯ ಕ್ರಮ.

ಹೊರಗಾದ ದಿನಗಳಲ್ಲಿ ಜಗದೇವಿ ನನ್ನನ್ನು ಎರಡೂ ಕೈಯಿಂದ ಒತ್ತಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಹೊರಳುತ್ತಿದ್ದಳು. ವಾಂತಿ ಮಾಡಿಕೊಳ್ಳುತ್ತಿದ್ದಳು. ಭಟ್ಟಿಯಲ್ಲಿ ಬೆಂದು ಬಂದ ನನಗೇ ಆ ಹೊಟ್ಟೆ ನನ್ನ ಕೆಳಗೆ ಕಿವುಚಿಕೊಳ್ಳುವುದನ್ನು ತಡೆಯಲಾಗುತ್ತಿರಲಿಲ್ಲ.

"ಹೆಣ್ ಜಲ್ಮ ಅಂದ್ರ ಇಷ್ಟೇ ನೋಡವ್ವ. ಒಂದ್ ಕೂಸಾಗ್ಲಿ, ಎಲ್ಲಾ ಹೋಗ್ತದ," ಅನ್ನುತ್ತಿದ್ದಳು ಅತ್ತೆ.

ಕೂಸು ಆಗಲಿಲ್ಲ, ನೋವು ಹೋಗಲಿಲ್ಲ. ಕಾವು ಸಾಲದೆ ಸೀರೆಯ ಮೂರು ಪದರ ಎರಡಾಯಿತು, ಎರಡು ಒಂದಾಯಿತು. ಜಗದೇವಿಯ ಹೊಟ್ಟೆಯ ಮೇಲೆ ಬಲೆಯಂಥ ಕಂದು ಕಲೆ ಮೂಡಿತು. ಅದು ನಾನು ಮಾಡಿದ್ದು.

ದವಾಖಾನೆಗಳ ಸಂಗತಿಯನ್ನು ನಾನು ಕಂಡಿಲ್ಲ, ಒಲೆಯ ಮುಂದೆ ಅವರು ಆಡಿಕೊಂಡದ್ದು ಕೇಳಿದ್ದೇನೆ. ಒಂದು ಕಡೆ ಗ್ಯಾಸ್ ಎಂದು ಗುಳಿಗೆ ಕೊಟ್ಟರು. ಇನ್ನೊಂದು ಕಡೆ ರಕ್ತ ಪರೀಕ್ಷೆ ಮಾಡಿ ಏನೂ ಇಲ್ಲ, ಸೋಗು ಹಾಕ್ತಾಳೆ ಎಂದರು. ಮತ್ತೊಂದು ಕಡೆ, ಗರ್ಭಚೀಲ ತೆಗೆಸಿಬಿಡಿ ಎಂದರು. ಆಗ ಅವಳಿಗೆ ಇಪ್ಪತ್ತಾರು. ಒಬ್ಬರೂ ಹೊಟ್ಟೆ ನೋಡಲಿಲ್ಲ. ಪ್ರಯಾಗಬಾಯಿ ನೋಡಗೊಟ್ಟರೆ ತಾನೆ? ಹೊಟ್ಟೆನೋವಿಗೆ ಕಾದ ಕಬ್ಬಿಣದಿಂದ ಬರೆ ಹಾಕುವವರು ನಮ್ಮ ಕಡೆ ಇನ್ನೂ ಇದ್ದಾರೆ. ಆ ಕಲೆ ಕಂಡರೆ, ಸೊಸೆಗೆ ಬರೆ ಎಳೆದ ಅತ್ತೆ ಎಂದು ತನ್ನನ್ನು ಪೊಲೀಸರಿಗೆ ಒಪ್ಪಿಸುತ್ತಾರೆಂದು ಮುದುಕಿಗೆ ಜೀವಭಯ.

"ಹೊಟ್ಟಿ ತೋರಿಸ್ಬ್ಯಾಡ. ಸೀರಿ ಮ್ಯಾಲಿಂದೇ ಒತ್ತಿ ನೋಡ್ಲಿ," ಎಂದು ಪ್ರತಿ ಸಲ ತಾಕೀತು.

ಏಳು ದವಾಖಾನೆ ಹೀಗೇ ಮುಗಿದವು. ನನಗೆ ಮುದುಕಿಯ ಮೇಲೆ ಸಿಟ್ಟು ಬರುತ್ತಿತ್ತು. ಆದರೆ ನನ್ನ ಬಿಸಿಗೆ ಮೊದಲು ತನ್ನ ಕೆನ್ನೆ ಕೊಡುತ್ತಿದ್ದವಳೂ ಅವಳೇ.

ಮದುವೆಯಾದ ಒಂಬತ್ತನೆಯ ವರ್ಷ ಗಂಡ, ಹೆಂಡತಿ, ಅತ್ತೆ ಮೂವರೂ ಕಲಬುರಗಿಗೆ ಹೊರಟರು. ಎರಡು ಬಸ್ಸು, ಅರ್ಧ ದಿನದ ದಾರಿ. ಮುಟ್ಟಿನ ದಿನ ಹತ್ತಿರವಿತ್ತೆಂದು ನನ್ನನ್ನೂ ಸೀರೆ ಸುತ್ತಿ ಕೈಚೀಲಕ್ಕೆ ಹಾಕಿಕೊಂಡರು. ದವಾಖಾನೆಯ ಬಾಗಿಲಲ್ಲಿ ಕಾವಲುಗಾರ ಚೀಲಕ್ಕೆ ಕೈಹಾಕಿ ನನ್ನನ್ನು ಹೊರಗೆಳೆದ.

"ಇಟ್ಟಂಗಿ ತಂದೀರಲ್ಲ! ಡಾಕ್ಟರ್ ತಲಿ ಒಡೀಲಾಕೇನು?"

ವೈಜಿನಾಥ ಎಷ್ಟು ಹೇಳಿದರೂ ಕೇಳದೆ, ಮೂವರನ್ನೂ ನನ್ನ ಸಮೇತ ಡಾಕ್ಟರಮ್ಮನ ಮುಂದೆ ನಿಲ್ಲಿಸಿದ. ಸರದಿ ತಪ್ಪಿಸಿ ಒಳಗೆ ಹೋದ ಇಟ್ಟಿಗೆ ನಾನೊಂದೇ ಇರಬೇಕು. ಡಾಕ್ಟರಮ್ಮ ನನ್ನನ್ನು ಕೈಗೆತ್ತಿಕೊಂಡು, ಸೀರೆಯ ಸೀದ ಅಂಚು ಮುಟ್ಟಿ ನೋಡಿದರು.

"ಇದನ್ನ ಎಲ್ಲಿಗೆ ಇಡ್ತೀರಿ?"

"ನನ್ ಮೊಣಕಾಲಿಗ್ರೀ," ಅಂದಳು ಪ್ರಯಾಗಬಾಯಿ.

ಜಗದೇವಿ ಅತ್ತೆಯ ಮುಖ ನೋಡಲಿಲ್ಲ. ಹೊಟ್ಟೆಯ ಮೇಲಿನ ಸೀರೆ ಸರಿಸಿದಳು.

"ಬರಿ ಹಾಕಿಲ್ರೀ ಯವ್ವಾ! ದೇವರಾಣಿ!" ಮುದುಕಿ ಕೈಮುಗಿದಳು.

"ಗೊತ್ತಾಯ್ತಮ್ಮ, ಇದು ಬರೆ ಅಲ್ಲ. ಚರ್ಮ ಹಿಂಗಾಗೋ ತನಕ ಕಾವು ಬೇಕಾಗ್ಯಾದ ಅಂದ್ರ, ಒಳಗ ಎಂಥಾ ನೋವಿರಬೇಕು."

ಮರುದಿನ ತಪಾಸಣೆಗಳೆಲ್ಲ ಮುಗಿದ ಮೇಲೆ ಹೆಸರು ಹೇಳಿದರು, ಎಂಡೋಮೆಟ್ರಿಯೋಸಿಸ್. ಗರ್ಭಚೀಲದ ಒಳಪದರದಂಥದ್ದೇ ಅದರ ಹೊರಗೆ ಬೆಳೆದು, ತಿಂಗಳು ತಿಂಗಳು ಅಲ್ಲೇ ರಕ್ತ ಒಸರಿ, ಕರುಳನ್ನೆಲ್ಲ ಅಂಟಿಸಿಬಿಡುವ ರೋಗವಂತೆ. ಜಗದೇವಿ ಆ ಉದ್ದದ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಓದಿ, ಬಿಕ್ಕಿ ಬಿಕ್ಕಿ ಅತ್ತಳು. ನಿನ್ನ ನೋವು ನಿಜ ಎಂದು ಅವಳಿಗೆ ಇನ್ನೊಬ್ಬರು ಹೇಳಿದ್ದು ಅದೇ ಮೊದಲು.

ರೋಗ ಮೂತ್ರದ ನಾಳವನ್ನು ಹಿಸುಕಿ ಎಡಗಡೆಯ ಕಿಡ್ನಿ ಆಗಲೇ ಸತ್ತಿತ್ತು.

"ಮೊದಲೇ ಬರಬೇಕಿತ್ತಮ್ಮ."

"ಬಂದಿದ್ದೆವ್ರೀ," ಅಂದಳು ಜಗದೇವಿ. "ಏಳು ದವಾಖಾನಿಗಿ."

ಡಾಕ್ಟರಮ್ಮ ತಲೆ ತಗ್ಗಿಸಿ ಏನೋ ಬರೆಯತೊಡಗಿದರು.

ಆಪರೇಷನ್ ಆಯಿತು. ಕಿಡ್ನಿಯೂ ಒಂದು ಅಂಡಾಶಯವೂ ಹೋದವು. ಮಕ್ಕಳ ಆಸೆಯನ್ನು ಅವಳು ಬಾಯಿಬಿಟ್ಟು ಆಡುವುದಿಲ್ಲ. ನೋವು ಪೂರ್ತಿ ಹೋಗದಿದ್ದರೂ ಗುಳಿಗೆಗೆ ಬಗ್ಗುತ್ತದೆ. ನಾನು ನೀರೊಲೆಯ ಮೂಲೆ ಸೇರಿದ್ದೇನೆ, ಮೈಯಲ್ಲಿ ಮೂರು ಬಿರುಕು.

ಒಂದು ಸಂಗತಿಯನ್ನು ಬೇಕೆಂದೇ ಹೇಳದೆ ಬಂದೆ, ನನಗೆ ನಾಚಿಕೆ. ಪಕ್ಕದ ಮನೆಯ ಮಹಾನಂದಾ ತಿಂಗಳಿಗೊಮ್ಮೆ ಮಾವನ ಸೊಂಟಕ್ಕೆಂದು ನನ್ನನ್ನು ಕೇಳಿ ಒಯ್ಯುತ್ತಾಳೆ. ಮಾವನ ಸೊಂಟವನ್ನು ನಾನು ಒಮ್ಮೆಯೂ ಮುಟ್ಟಿಲ್ಲ. ಬಾಗಿಲು ಹಾಕಿಕೊಂಡು ಅವಳೂ ಹಾಗೇ ಹೊರಳುತ್ತಾಳೆ. ಇಬ್ಬರ ಗುಟ್ಟೂ ಗೊತ್ತಿದ್ದ ನನಗೆ ಬಾಯಿರಲಿಲ್ಲ. ಬಾಯಿದ್ದ ಅವರು ಒಬ್ಬರಿಗೊಬ್ಬರು ಹೇಳಲಿಲ್ಲ.

ಮೊನ್ನೆ ಬಂದಳು. "ಮಾವಗ ಸೊಂಟ ಹಿಡದದ ಅಕ್ಕಾ, ಇಟ್ಟಂಗಿ ಕೊಡು."

ಜಗದೇವಿ ನನ್ನನ್ನು ಎತ್ತಿದವಳು ಹಾಗೇ ನಿಂತಳು. "ನಿಮ್ ಮಾವ ಮುಂಜಾನಿ ನಮ್ ಟಂಟಂದಾಗೇ ಕುಂತು ಸಂತಿಗಿ ಹೋದ್ನಲ್ಲ?"

ಮಹಾನಂದಾ ಗೋಡೆಗೆ ಒರಗಿದಳು. ಅವಳ ಹಣೆ ಬೆವತಿತ್ತು. ಜಗದೇವಿ ತನ್ನ ಸೀರೆ ಸರಿಸಿ ಹೊಲಿಗೆಯ ಗಾಯವನ್ನೂ ಕಲೆಯನ್ನೂ ತೋರಿಸಿದಳು. ಮಹಾನಂದಾ ನೆಲದ ಮೇಲೆ ಕೂತಳು, ನಿಧಾನವಾಗಿ ತನ್ನ ಸೀರೆಯನ್ನೂ ಸರಿಸಿದಳು. ಅದೇ ಕಂದು ಬಲೆ.

ರೊಟ್ಟಿ ಬಡಿಯುತ್ತಿದ್ದ ಪ್ರಯಾಗಬಾಯಿಯ ಕೈ ನಿಂತಿತು. "ಕಲಬುರಗಿಗಿ ನಾನೂ ಬರ್ತೀನವ್ವ. ಏನೂ ಮುಚ್ಚಬ್ಯಾಡ, ಹೊಟ್ಟಿ ತೋರ್ಸು," ಅಂದಳು.

ಜಗದೇವಿ ಫೋನು ಹಚ್ಚಿದಳು. ಡಾಕ್ಟರಮ್ಮ ಸಿಗುವುದು ಎರಡು ತಿಂಗಳ ಮೇಲೆ.

"ಅಲ್ಲಿತನಕ?" ಅಂದಳು ಮಹಾನಂದಾ.

ಪ್ರಯಾಗಬಾಯಿ ಕೆಂಡ ಕೆದರಿ ನನ್ನನ್ನು ಒಳಗಿಟ್ಟಳು. ಈ ಬಿರುಕುಗಳಲ್ಲೇ ನಾನು ಎರಡು ತಿಂಗಳು ತಡೆದೇನು. ಮಹಾನಂದಾಳ ಕಿಡ್ನಿ ತಡೆದೀತೋ ಇಲ್ಲವೋ, ಇಟ್ಟಿಗೆಗೆ ಹೇಗೆ ಗೊತ್ತಾಗಬೇಕು?