ಎಣ್ಣೂರಿನ ಕೆಸರಿನಲ್ಲಿಟ್ಟ ಫಿಲಂ

ಅಗೆಯುವುದಕ್ಕೆಂದು ನೀಲಗಂಗಮ್ಮ ಮನೆಯಿಂದ ದೋಸೆ ಮಗುಚುವ ಕೈ ತಂದಿದ್ದರು.

"ಇದರಲ್ಲಿ ಅಗೆಯೂದಾ ಆಂಟಿ? ನಮ್ಮಪ್ಪ ನೋಡಿದ್ರೆ ಹೋಟ್ಲಲ್ಲಿ ಕೆಲ್ಸ ಕೊಡ್ತಾರೆ ನಿಮ್ಗೆ," ಎಂದಳು ಅಶ್ವಿತಾ.

"ಗುದ್ದಲಿ ಹತ್ತಿ ಮಡಕಿ ಒಡದಗಿಡದೀತವಾ. ನೀ ಸುಮ್ಮ ಮಣ್ಣು ಎತ್ತು."

ಎಣ್ಣೂರಿನ ಅಳಿವೆಯ ದಂಡೆಯಲ್ಲಿ ಕೂತು ಬಲೆ ಬಿಡಿಸುತ್ತಿದ್ದ ಮೀನುಗಾರ, "ಎನ್ನ ಪಾಟಿ, ಪುದಯಲಾ?" ಎಂದು, ನಿಧಿಯೇನಾದರೂ ಸಿಕ್ಕಿತೇ ಅಂತ ನಕ್ಕ. "ಆಮಾಂಪ್ಪಾ," ಎಂದು ತಮಿಳಿನಲ್ಲೇ ಹೌದೆಂದರು ನೀಲಗಂಗಮ್ಮ, ತಲೆ ಎತ್ತದೆ.

ಕೋಮಲಾ ನೀಲಗಂಗಮ್ಮನವರ ಒಬ್ಬಳೇ ಮಗಳು. ಹಳೇ ಕ್ಯಾಮೆರಾದಲ್ಲಿ ಫೋಟೋ ತೆಗೆದು, ಡೆವಲಪ್ ಮಾಡಿ, ಆ ನೆಗೆಟಿವನ್ನು ತೆಗೆದ ಜಾಗದ ಮಣ್ಣಿನಲ್ಲೇ ಹೂತಿಡುತ್ತಿದ್ದಳು. ಉಪ್ಪು, ಪಕ್ಕದ ಉಷ್ಣವಿದ್ಯುತ್ ಸ್ಥಾವರದ ಬೂದಿ, ಹುಳು ಎಲ್ಲ ಸೇರಿ ಚಿತ್ರವನ್ನು ಅಲ್ಲಲ್ಲಿ ತಿನ್ನುತ್ತಿದ್ದವು. ಉಳಿದದ್ದನ್ನು ಅಗೆದು ತೆಗೆದು, ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತಿದ್ದಳು. "ಅರ್ಧ ನಾ ತಗೀತೀನಿ, ಅರ್ಧ ಈ ಜಾಗಾನ ತಗೀತೈತಿ," ಅನ್ನುತ್ತಿದ್ದಳು. ಅವಳ ಗೆಳತಿ ಅಶ್ವಿತಾ ಅದೆಲ್ಲ ಕಲಿತದ್ದು ಅವಳಿಂದಲೇ.

ಹೋದ ಮಳೆಗಾಲಕ್ಕೆ ಮುಂಚೆ ತಾಯಿಯನ್ನೂ ಇಲ್ಲಿಗೆ ಕರೆತಂದು, ಕ್ಯಾಮೆರಾ ಕೈಗಿಟ್ಟು, "ಒಂದು ನೀ ತಗಿ ಅವ್ವಾ," ಎಂದು ನೀರಿನ ಅಂಚಿಗೆ ಹೋಗಿ ನಿಂತಿದ್ದಳು. ಆ ನೆಗೆಟಿವನ್ನು ಯಾರಿಗೂ ತೋರಿಸಲಿಲ್ಲ. ಮಣ್ಣಿಂದ ಎದ್ದ ಮೇಲೆ ನೋಡಿದರಾಯಿತು ಎಂದು ಮಡಕೆಯಲ್ಲಿಟ್ಟು ಹೂತಳು. ಮಳೆಯ ಜೊತೆ ಡೆಂಗ್ಯೂ ಬಂತು. ಅವರ ಮನೆತನದಲ್ಲಿ ಸುಡುವುದಿಲ್ಲ. ಮಗಳನ್ನೂ ಮಣ್ಣಿಗೇ ಕೊಟ್ಟು ಬಂದರು.

ಫೋನಿನಲ್ಲಿ ಕೋಮಲಾ ಬೇಕಾದಷ್ಟು ಇದ್ದಳು. ಎಲ್ಲದರಲ್ಲೂ ಫೋನನ್ನು ನೋಡುತ್ತಿದ್ದಳು. ಈ ಒಂದರಲ್ಲಿ ತಾಯಿಯನ್ನು ನೋಡಿದ್ದಳು.

ಮಡಕೆ ಸಿಕ್ಕಿತು. ಒಳಗೆ ಕಪ್ಪು ಕೆಸರು ಮೆತ್ತಿದ ಒಂದು ಪಟ್ಟಿ. ಅಶ್ವಿತಾ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದಳು. ನೀಲಗಂಗಮ್ಮನವರನ್ನು ಕೋಡಂಬಾಕ್ಕಂನ ಅವರ ಮನೆಗೆ ತಂದುಬಿಟ್ಟು ಹೊರಡುವಾಗ, "ಒಣಗ್ಲಿಕ್ಕೆ ಬಿಡ್ಬೇಡಿ ಆಂಟಿ, ಒಣಗಿದ್ರೆ ಸಿಪ್ಪೆ ಏಳ್ತದೆ. ನಾಳೆ ಬೆಳಿಗ್ಗೆ ಬರ್ತೇನೆ," ಎಂದಳು.

ಸಂಜೆ ಬಟ್ಟೆ ಆರಿದೆಯೇನೋ ಎಂದು ನೀಲಗಂಗಮ್ಮ ಡಬ್ಬಿ ತೆರೆದರು. ಪಟ್ಟಿಯನ್ನು ಕಿಟಕಿಗೆ ಹಿಡಿದರು. ಕೆಸರಿನ ನಡುವೆ ಗಾಳಿಗೆ ಹಾರಿದ ಕೂದಲು ಕಂಡಿತು. ನೆಗೆಟಿವಿನಲ್ಲಿ ಅದು ಬೆಳ್ಳಗಿತ್ತು. ಕೂದಲು ಬೆಳ್ಳಗಾಗುವಷ್ಟು ಬದುಕಲಿಲ್ಲವಲ್ಲ ಹುಡುಗಿ ಅನ್ನಿಸಿತು. ಕೂದಲಿನ ಕೆಳಗೆ ಮುಖವಿರಬೇಕಾದಲ್ಲಿ ಬರೀ ಕೆಸರು.

ಮಣ್ಣಿನಲ್ಲಿ ಒಂದು ಕೂಸು ಇದ್ದದ್ದು ಸಾಕಾಗಿತ್ತು. ಬೋಗುಣಿಗೆ ನೀರು ಹಾಕಿ, ತಣ್ಣಗಾಯಿತೆಂದು ಬಿಸಿನೀರು ಬೆರೆಸಿದರು. ಎಳೆಗೂಸಿಗೆ ಎರೆಯುವಾಗ ನೋಡುವ ಹಾಗೆ ಮೊಣಕೈ ಅದ್ದಿ ನೋಡಿದರು. ಪಟ್ಟಿಯನ್ನು ಅಂಗೈಯಲ್ಲಿ ಮಲಗಿಸಿ, ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಹಾಲಿನ ಕೆನೆಯಂಥದ್ದೇನೋ ಬೆರಳಿಗೆ ಬಂತು. ಕೊಳೆ, ಅಂದುಕೊಂಡರು. ಬರುವುದು ನಿಲ್ಲುವ ತನಕ ತೊಳೆದರು. ಕಣ್ಣು ಮಂಜು; ಮುಖ ನೋಡುವುದು ಬೆಳಕಾದ ಮೇಲೆ, ಅಶ್ವಿತಾಳ ಜೊತೆಗೇ ಆಗಲಿ ಎಂದು ಪಟ್ಟಿಯನ್ನು ಹತ್ತಿಯ ಸೆರಗಿನಲ್ಲಿ ಒತ್ತಿ ದೇವರ ಮುಂದಿಟ್ಟರು.

ಬೆಳಿಗ್ಗೆ ಅಶ್ವಿತಾ ಅದನ್ನು ಎತ್ತಿ ಹಿಡಿದಳು. ಅದರೊಳಗಿಂದ ಎದುರು ಮನೆಯ ಬಾಲ್ಕನಿ, ಒಣಹಾಕಿದ ಲುಂಗಿ, ಎಲ್ಲ ನಿಚ್ಚಳವಾಗಿ ಕಂಡವು.

"ಬಿಸಿನೀರಾಗ ಹೆಂಗ ಬೆಳಗೀನಿ ನೋಡು," ಎಂದರು ನೀಲಗಂಗಮ್ಮ. "ನಾ ಇನ್ನೂ ನೋಡಿಲ್ಲ. ಎಲ್ಲಿ ನಿಂತಾಳ ಹೇಳು."

ಅಶ್ವಿತಾ ಪಟ್ಟಿಯನ್ನು ಕೆಳಗಿಳಿಸಿದಳು.

"ಯಾಕವಾ?"

"ಆಂಟಿ, ಚಿತ್ರ ಇರೂದು ಆ ಮೇಲಿನ ಪೊರೆಯಲ್ಲಿ. ಮಣ್ಣಲ್ಲಿ ಮೆತ್ತಗಾಗಿತ್ತು. ಬಿಸಿನೀರಿಗೆ… ನಾನು ಹೇಳ್ಬೇಕಿತ್ತು. ನನ್ಗೆ ಹೊಳೀಲೇ ಇಲ್ಲ ಮಾರಾಯ್ರೆ."

"ಪೂರಾ?"

"ಪೂರಾ."

ನೀಲಗಂಗಮ್ಮ ಪಟ್ಟಿಯನ್ನು ಇಸಿದುಕೊಂಡು ಕಿಟಕಿಗೆ ಹಿಡಿದರು. ತಿರುವಿ ಹಿಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

"ನನ್ನ ನೋಡಾಕತ್ತಿದ್ಲು," ಎಂದರು. "ಬಿಸಲಿಗೆ ಕಣ್ಣು ಮುಚ್ಚಿದ್ಲೋ ಏನೋ. ನಾ ಬಟನ್ ಎಲ್ಲೈತಿ ಅಂತ ಹುಡುಕಾಕತ್ತಿದ್ದೆ."

ಏನಾದರೂ ಮಾಡಬೇಕೆಂದು ಅಶ್ವಿತಾ ಬಚ್ಚಲಿಗೆ ಹೋದಳು. ಪಟ್ಟಿ ತೊಳೆದ ಬೋಗುಣಿಯ ನೀರು ಹಾಗೇ ಇತ್ತು, ಎತ್ತಿ ಬಗ್ಗಿಸಹೋದಳು.

"ಚೆಲ್ಲಬ್ಯಾಡ!"

"ಇದನ್ನಿಟ್ಕೊಂಡು ಏನ್ಮಾಡ್ತೀರಿ ಆಂಟಿ?"

"ಗೊತ್ತಿಲ್ಲ. ಚೆಲ್ಲಬ್ಯಾಡ."

ಅಶ್ವಿತಾ ತುಳುಕದ ಹಾಗೆ ಅದನ್ನು ಇಳಿಸಿಟ್ಟಳು.