ಔಕ್ಯಾಳ ಮೂರನೆಯ ಸಾಲು

ಗೇರ್ಲೊಫನ ಕಿರುಬೆರಳುಗಳ ಹೊರಅಂಚು ಗೊರಸಿನಷ್ಟು ಗಟ್ಟಿ. ಫ್ರಿಸ್ಲಾಂಡಿನ ನಮ್ಮೂರ ಗೋಪುರದ ನಲವತ್ತೊಂಬತ್ತು ಗಂಟೆಗಳನ್ನು ಮೂವತ್ತು ವರ್ಷ, ಅವುಗಳಿಗೆ ತಂತಿ ಕಟ್ಟಿದ ಮರದ ಹಿಡಿಗಳ ಮೇಲೆ ಮುಷ್ಟಿಯಿಂದ ಗುದ್ದಿ ನುಡಿಸಿದವನು. ಕೆಳಗಿಳಿದ ಮೇಲೂ ಆ ಮುಷ್ಟಿಗಳಿಗೆ ವಿಶ್ರಾಂತಿಯೆಂಬುದಿಲ್ಲ, ಕಾಫಿಯ ಹೊತ್ತಿಗೆ ಮೇಜನ್ನೂ, ಬಸ್ಸಿಗೆ ಕಾಯುವಾಗ ತನ್ನ ತೊಡೆಯನ್ನೂ, ಇಗರ್ಜಿಯಲ್ಲಿ ಪ್ರವಚನದ ನಡುವೆ ನನ್ನ ಮೊಣಕೈಯನ್ನೂ ಬಡಿಯುತ್ತಲೇ ಇರುತ್ತವೆ. ಕೋಟಿನ ಒಂದು ಜೇಬು ಹಳೆಯ ಕಂಪ್ಯೂಟರ್ ಫ್ಲಾಪಿಗಳ ಭಾರಕ್ಕೆ ಜೋತುಬಿದ್ದಿರುವುದರಿಂದ ಸದಾ ಒಂದು ಭುಜ ತಗ್ಗಿಸಿಯೇ ನಡೆಯುತ್ತಾನೆ.

ಬದುಕಿರುವಾಗಲೇ ಗೇರ್ಲೊಫನಲ್ಲಿಗೆ ಹೋಗಿ ತಮ್ಮ ಕೊನೆಯ ದಿನ ಗಂಟೆಗಳಲ್ಲಿ ನುಡಿಸಬೇಕಾದ ಹಾಡನ್ನು ಗುನುಗಿ ಬರುವುದು ನಮ್ಮೂರ ರೂಢಿ. ಅವನು ಅದನ್ನು ಕಂಪ್ಯೂಟರಿನಲ್ಲಿ ಸ್ವರಲಿಪಿಯಾಗಿಸಿ ಫ್ಲಾಪಿಗೆ ಇಳಿಸಿಡುತ್ತಿದ್ದ. ಗೋಪುರದ ತೇವ ಕಾಗದಕ್ಕಾಗದೆಂದು ಒಂದನ್ನೂ ಮುದ್ರಿಸಲಿಲ್ಲ. ಆ ಹಟಕ್ಕೆ ನಾನೂ ತಲೆದೂಗಿದ್ದೆ.

ಮೀನಂಗಡಿಯ ಔಕ್ಯಾ ತೀರಿಕೊಂಡ ಮಂಗಳವಾರ, ಪುರಸಭೆ ಕೊಟ್ಟ ಹೊಸ ಕಂಪ್ಯೂಟರು ಫ್ಲಾಪಿಯಲ್ಲಿದ್ದ ಅವಳ ಫೈಲಿನ ಗುರುತೇ ತನಗಿಲ್ಲವೆಂದಿತು. ಹಳೆಯದು ಆಗಲೇ ಗುಜರಿ ಸೇರಿತ್ತು. ತಾಯಿಯಿಂದ ಅವಳು ಕಲಿತ ಆ ಹಾಡು ಬೇರೆಲ್ಲೂ ಇರಲಿಲ್ಲ. ಗಂಡ ಡೌವ ಕೇಳಿದರೆ ಗುರುತಿಸಬಲ್ಲ, ಹಾಡಲು ಹೋದರೆ ಕಾಗೆ. ಬೇರೇನಾದರೂ ನುಡಿಸಿದರಾಯಿತು, ಅಷ್ಟೆತ್ತರದ್ದು ಯಾರಿಗೆ ತಿಳಿಯುತ್ತದೆ ಎಂದರು ಪುರಸಭೆಯವರು.

“ಡೌವನಿಗೆ ತಿಳಿಯುತ್ತೆ,” ಎಂದ ಗೇರ್ಲೊಫ್.

ಶನಿವಾರ ಶವಸಂಸ್ಕಾರ. ಅಲ್ಲಿಯವರೆಗೆ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಹಳೆಯದರಂತೆ ನಟಿಸುವ ಪ್ರೋಗ್ರಾಮೊಂದನ್ನು ಹಾಕಿ, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದರ ವೇಷ ಕಟ್ಟಿಸಿದ. ಅಲ್ಲಿ ಎದ್ದ ಹಳೆಯ ಸ್ವರಲಿಪಿಯ ಪ್ರೋಗ್ರಾಮು, ತನ್ನ ಪರವಾನಗಿಯ ಅವಧಿ ಮುಗಿದಿದೆಯೆಂದು ಮತ್ತೆ ಬಾಗಿಲು ಹಾಕಿಕೊಂಡಿತು. ಶುಕ್ರವಾರ ಮಧ್ಯಾಹ್ನ ಒಳಗಿನ ಗಡಿಯಾರವನ್ನು ಔಕ್ಯಾ ಬಂದು ಗುನುಗಿದ ವರ್ಷಕ್ಕೆ ತಿರುಗಿಸಿದ. ಅವಳು ಬದುಕಿದ್ದ ತಾರೀಖಿನಲ್ಲಿ ಹಾಡು ತೆರೆಯಿತು. ಪ್ರಿಂಟರು ಮಾತ್ರ ಒಲ್ಲೆನೆಂದಿತು. ಅವನು ಓದಿದ, ನಾನು ಬರೆದುಕೊಂಡೆ. ಮೂರನೆಯ ಸಾಲಿನ ಒಂದು ಸ್ವರ ಅಪಸ್ವರವೆನಿಸಿ ತಿದ್ದಲು ಹೋದೆ.

“ಕೈ ಹಚ್ಚಬೇಡ,” ಎಂದ. “ಅವಳು ಹಾಗೇ ಹಾಡಿದ್ದು.”

ಶನಿವಾರ ಅವನು ನುಡಿಸಿ, ನಾವಿಬ್ಬರೂ ಕೆಳಗಿಳಿದಾಗ ಡೌವ ಟೋಪಿ ಹಿಡಿದು ಗೋಪುರದ ಬಾಗಿಲಲ್ಲಿ ನಿಂತಿದ್ದ.

“‘ನಿಮ್ಮಮ್ಮ ಮೂರನೇ ಸಾಲು ಹಾಗೆ ಹಾಡ್ತಿರ್ಲಿಲ್ಲ’ ಅಂತ ಅವಳಿಗೆ ನಲವತ್ತು ವರ್ಷ ಹೇಳಿದೆ ಮಾರಾಯ,” ಎಂದ. “ಇವತ್ತೂ ನನ್ನ ಮಾತು ಕೇಳ್ಲಿಲ್ಲ ನೋಡು ಅವಳು.”

ಗೇರ್ಲೊಫನ ಮುಷ್ಟಿಗಳು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

ಹಳೆಯದಕ್ಕೆ ಜೋತುಬಿದ್ದವರೆಂದು ಇಂಥವರನ್ನು ಕಂಡು ನಗುತ್ತೇವೆ, ನಾನೂ ನಕ್ಕಿದ್ದೇನೆ. ಹೊಸ ಮನೆಗೆ ಸಾಗುವಾಗ ನಾವು ಒಳ್ಳೆಯ ಪಾತ್ರೆಗಳನ್ನಷ್ಟೇ ಆರಿಸಿಕೊಳ್ಳುತ್ತೇವೆ. ಇವರು ನೆಗ್ಗಿದ್ದನ್ನೂ ಬಿಟ್ಟು ಬರುವುದಿಲ್ಲ. ಅದು ಯಾರ ಕೈಯಿಂದ ಬಿದ್ದು ನೆಗ್ಗಿತೆಂಬುದು ಇವರಿಗೆ ನೆನಪಿರುತ್ತದೆ.